ಒಳಗೆ ಬೀಳುವುದಕ್ಕಿಂತ ಹೊರಗೆ ಹಾರುವುದೇ ಹೆಚ್ಚು

ಧನು ರಾಶಿಯ ದಿಕ್ಕಿನಲ್ಲಿ, ಸುಮಾರು 23,000 ಜ್ಯೋತಿರ್ವರ್ಷ ದೂರದಲ್ಲಿ, ಜಿಎಕ್ಸ್ 13+1 ಎಂಬ ಜೋಡಿ ನಕ್ಷತ್ರವಿದೆ. ಒಂದು ನ್ಯೂಟ್ರಾನ್ ನಕ್ಷತ್ರ (ಸತ್ತ ನಕ್ಷತ್ರದ ಅತಿ ದಟ್ಟ ತಿರುಳು), ಇನ್ನೊಂದು ಉಬ್ಬಿದ ದೈತ್ಯ. 24.5 ದಿನಕ್ಕೊಮ್ಮೆ ಪರಸ್ಪರ ಸುತ್ತುತ್ತವೆ. ದೈತ್ಯನಿಂದ ಸೋರುವ ಅನಿಲ ನ್ಯೂಟ್ರಾನ್ ನಕ್ಷತ್ರದ ಮೇಲೆ ನೇರವಾಗಿ ಬೀಳುವುದಿಲ್ಲ. ಅದು ಸುತ್ತಲೂ ತಟ್ಟೆಯಾಗಿ ಹರಡಿಕೊಂಡು, ತಿರುಗುತ್ತ ತಿರುಗುತ್ತ ಒಳಕ್ಕೆ ಜಾರುತ್ತದೆ, ಕಾದು ಎಕ್ಸ್-ಕಿರಣ ಸೂಸುತ್ತದೆ. ಅದೇ ತಟ್ಟೆಯಿಂದ ಹೊರಕ್ಕೂ ಒಂದು ಗಾಳಿ ಬೀಸುತ್ತಿರುತ್ತದೆ.

ಗಾಳಿ ಇದೆ ಎಂದು ಹೇಳುವುದು ಕಬ್ಬಿಣ. ಕಬ್ಬಿಣದ ಪರಮಾಣುವಿನಲ್ಲಿ 26 ಎಲೆಕ್ಟ್ರಾನ್‌ಗಳು. ಎಕ್ಸ್-ಕಿರಣಗಳ ಹೊಡೆತಕ್ಕೆ ಅವುಗಳಲ್ಲಿ 24 ಕಳಚಿಹೋದರೆ, ಉಳಿದ ಅಯಾನು ಸುಮಾರು 6,700 ಎಲೆಕ್ಟ್ರಾನ್ ವೋಲ್ಟ್ (ಇವಿ) ಶಕ್ತಿಯ ಕಿರಣವನ್ನು ಹೀರುತ್ತದೆ. 25 ಕಳಚಿದರೆ ಸುಮಾರು 6,966 ಇವಿ. ರೋಹಿತದಲ್ಲಿ ಅಲ್ಲೆಲ್ಲ ಕಪ್ಪು ಗೆರೆ ಬೀಳುತ್ತದೆ. ಆ ಅನಿಲ ನಮ್ಮ ಕಡೆಗೆ ಬರುತ್ತಿದ್ದರೆ ಗೆರೆ ಹೆಚ್ಚಿನ ಶಕ್ತಿಯತ್ತ ಸರಿಯುತ್ತದೆ. ಸೆಕೆಂಡಿಗೆ 300 ಕಿ.ಮೀ. ವೇಗಕ್ಕೆ ಸರಿಯುವುದು ಬರೇ 7 ಇವಿ.

ತೊಂದರೆ ಇರುವುದು ಈ ಏಳರಲ್ಲೇ. ಎಕ್ಸ್-ಕಿರಣ ದೂರದರ್ಶಕಗಳ ಸಾಮಾನ್ಯ ಸಿಸಿಡಿ ಸಂವೇದಕ ಈ ಶಕ್ತಿಯಲ್ಲಿ ಒಂದು ಗೆರೆಯನ್ನು 130 ಇವಿಗಿಂತ ಹೆಚ್ಚು ಅಗಲಕ್ಕೆ ಹರಡಿಬಿಡುತ್ತದೆ. ಗೆರೆ ಇದೆ ಎನ್ನಬಹುದು, ಸರಿದಿದೆ ಎನ್ನಲು ಧೈರ್ಯ ಸಾಲದು. ನಾಸಾದ ‘ಚಂದ್ರ’ ಎಂಬ ಎಕ್ಸ್-ಕಿರಣ ದೂರದರ್ಶಕದ ಗ್ರೇಟಿಂಗ್ (ಕಿರಣಗಳನ್ನು ಶಕ್ತಿಗೆ ತಕ್ಕಂತೆ ಬಿಡಿಸಿ ಹರಡುವ ಜಾಲರಿ) ಇದಕ್ಕಿಂತ ಎಷ್ಟೋ ಮೇಲು. ಜಿಎಕ್ಸ್ 13+1ರ ಗಾಳಿಯ ವೇಗ ಸೆಕೆಂಡಿಗೆ ಸುಮಾರು 400 ಕಿ.ಮೀ. ಎಂದು ಅಳೆದದ್ದು ಅದೇ. ಈಗ ಜಪಾನಿನ ಎಕ್ಸ್‌ರಿಸಂ ಉಪಗ್ರಹ ಆ ಹರಡುವಿಕೆಯನ್ನು 5 ಇವಿ ಆಸುಪಾಸಿಗೆ ಇಳಿಸಿದೆ. ಅದರಲ್ಲಿರುವುದು 36 ಚುಕ್ಕಿಗಳ ಪುಟ್ಟ ಸಂವೇದಕ. ನಿರಪೇಕ್ಷ ಶೂನ್ಯಕ್ಕಿಂತ 0.05 ಡಿಗ್ರಿಯಷ್ಟೇ ಮೇಲೆ ಅದನ್ನು ತಂಪಾಗಿಟ್ಟು, ಒಂದೊಂದು ಫೋಟಾನ್ (ಬೆಳಕಿನ ಕಣ) ಬಿದ್ದಾಗಲೂ ಚುಕ್ಕಿ ಎಷ್ಟು ಬಿಸಿಯಾಯಿತೆಂದು ಅಳೆಯುತ್ತಾರೆ. 2023ರ ಉಡಾವಣೆಯ ನಂತರ ಸಂವೇದಕದ ಮುಂದಿನ ಬೆರಿಲಿಯಂ ಕಿಟಕಿ ತೆರೆಯಲೇ ಇಲ್ಲ. ಹಾಗಾಗಿ ಸುಮಾರು 1,700 ಇವಿಗಿಂತ ಕೆಳಗಿನ ಕಿರಣಗಳು ಒಳಬರುವುದಿಲ್ಲ. ಕಬ್ಬಿಣದ ಗೆರೆಗಳಿಗೆ ಇದರಿಂದ ದೊಡ್ಡ ಧಕ್ಕೆಯಾಗಲಿಲ್ಲ. ಆಮ್ಲಜನಕ, ಮೆಗ್ನೀಸಿಯಂ ಗೆರೆಗಳನ್ನು ಮಾತ್ರ ಮರೆಯಬೇಕಾಯಿತು.

ಇಷ್ಟು ಸೂಕ್ಷ್ಮಕ್ಕೆ ಇಳಿದ ಮೇಲೆ ಸಣ್ಣ ತಪ್ಪುಗಳೂ ದೊಡ್ಡವೇ. 1 ಇವಿ ಹೆಚ್ಚುಕಡಿಮೆಯಾದರೆ ವೇಗದಲ್ಲಿ ಸೆಕೆಂಡಿಗೆ 43 ಕಿ.ಮೀ. ವ್ಯತ್ಯಾಸ. ಸಂವೇದಕದ ಅಳತೆ ನಿಧಾನಕ್ಕೆ ಜರುಗುವುದರಿಂದ, ಕಬ್ಬಿಣ-55 ಎಂಬ ವಿಕಿರಣಶೀಲ ಮೂಲದ 5,900 ಇವಿ ಗೆರೆಯೊಡನೆ ಆಗಾಗ ತಾಳೆ ನೋಡಬೇಕು. ಭೂಮಿ ಸೂರ್ಯನನ್ನು ಸುತ್ತುವ ಸೆಕೆಂಡಿಗೆ 30 ಕಿ.ಮೀ. ವೇಗವನ್ನೂ, ಆ ಜೋಡಿಯ ಸ್ವಂತ ಚಲನೆಯನ್ನೂ ಕಳೆಯಬೇಕು. ಮೂಲ ತೀರಾ ಪ್ರಕಾಶಮಾನವಾಗಿದ್ದರೆ ಒಂದು ಫೋಟಾನಿನ ಬಿಸಿ ಆರುವ ಮುನ್ನವೇ ಇನ್ನೊಂದು ಬಂದು ಬೀಳುತ್ತದೆ. ಅಂಥವನ್ನು ಬೇರ್ಪಡಿಸದೆ ಲೆಕ್ಕಕ್ಕೆ ಸೇರಿಸಿದರೆ ಗೆರೆ ಮಸುಕಾಗುತ್ತದೆ.

ಇಷ್ಟೆಲ್ಲ ಮಾಡಿ ಸಿಕ್ಕ ವೇಗವೇ ಗಾಳಿ ಎಲ್ಲಿಂದ ಎದ್ದಿತೆಂಬುದನ್ನೂ ಹೇಳುತ್ತದೆ. ನ್ಯೂಟ್ರಾನ್ ನಕ್ಷತ್ರದ ಮೇಲ್ಮೈಯಿಂದ ತಪ್ಪಿಸಿಕೊಳ್ಳಲು ಬೆಳಕಿನ ಅರ್ಧಕ್ಕಿಂತ ಹೆಚ್ಚು ವೇಗ ಬೇಕು. ಒಂದು ಲಕ್ಷ ಕಿ.ಮೀ. ದೂರದಲ್ಲಿ ಸೆಕೆಂಡಿಗೆ ಸುಮಾರು 1,900 ಕಿ.ಮೀ., ಹತ್ತು ಲಕ್ಷ ಕಿ.ಮೀ. ದೂರದಲ್ಲಿ 600 ಕಿ.ಮೀ. ಸಾಕು. ಹಾಗಾದರೆ 400 ಕಿ.ಮೀ. ವೇಗದ ಗಾಳಿ ತಟ್ಟೆಯ ಹೊರ ಅಂಚಿನದು. ಕಾರಣವೂ ಸರಳ: ನಡುವಿನ ಎಕ್ಸ್-ಕಿರಣ ತಟ್ಟೆಯ ಮೇಲ್ಪದರವನ್ನು ಒಂದು ಕೋಟಿ ಡಿಗ್ರಿ ದಾಟಿಸಿ ಕಾಯಿಸುತ್ತದೆ. ಆ ತಾಪದಲ್ಲಿ ಅನಿಲದ ಕಣಗಳ ಓಟವೂ ಸೆಕೆಂಡಿಗೆ ನೂರಾರು ಕಿ.ಮೀ. ಒಳಗಡೆ ಗುರುತ್ವ ಅದನ್ನು ಹಿಡಿದಿಡುತ್ತದೆ, ಹೊರಗಡೆ ಹಿಡಿಯಲಾರದು. ಬೆಗೆಲ್‌ಮನ್, ಮೆಕ್ಕೀ, ಶೀಲ್ಡ್ಸ್ ಎಂಬ ಮೂವರು 1983ರಲ್ಲೇ ಈ ಲೆಕ್ಕ ಮಾಡಿಟ್ಟಿದ್ದರು. ಸುತ್ತುವ ಅವಧಿ ಕೆಲವೇ ಗಂಟೆಗಳಿರುವ ಜೋಡಿಗಳಲ್ಲಿ ತಟ್ಟೆ ಚಿಕ್ಕದು. ಅಲ್ಲಿ ಗೆರೆಗಳು ಕಂಡರೂ ಸಾಮಾನ್ಯವಾಗಿ ಸರಿದಿರುವುದಿಲ್ಲ: ಅದು ತಟ್ಟೆಗೆ ಅಂಟಿಕೊಂಡ ವಾತಾವರಣ, ಗಾಳಿಯಲ್ಲ.

2024ರ ಫೆಬ್ರವರಿಯಲ್ಲಿ ಎಕ್ಸ್‌ರಿಸಂ ಜಿಎಕ್ಸ್ 13+1ರ ಕಡೆ ತಿರುಗಿದಾಗ ಆ ಜೋಡಿ ಎಡಿಂಗ್ಟನ್ ಮಿತಿಯನ್ನು, ಅಂದರೆ ಬೆಳಕಿನ ಒತ್ತಡ ಗುರುತ್ವಕ್ಕೆ ಸರಿಸಮನಾಗುವ ಹಂತವನ್ನು, ಮುಟ್ಟಿತ್ತು. ಬೆಳಕೇ ಅನಿಲವನ್ನು ತಳ್ಳಿ ಗಾಳಿಯ ವೇಗ ಏರಬೇಕಿತ್ತು. ಏರಲಿಲ್ಲ. ಗಾಳಿ ಗಂಟೆಗೆ ಸುಮಾರು ಹತ್ತು ಲಕ್ಷ ಕಿ.ಮೀ. (ಸೆಕೆಂಡಿಗೆ ಸುಮಾರು 280 ಕಿ.ಮೀ.) ವೇಗದಲ್ಲೇ ಇತ್ತು, ದಟ್ಟಣೆ ಮಾತ್ರ ವಿಪರೀತವಾಗಿತ್ತು. ಇದೇ ಮಿತಿಯ ಬಳಿಯಿರುವ ಬೃಹತ್ ಕಪ್ಪುಕುಳಿಗಳ ಗಾಳಿ ಬೆಳಕಿನ ಶೇ. 20–30ರಷ್ಟು ವೇಗ ಮುಟ್ಟುತ್ತದೆ. ಅಲ್ಲಿನ ತಟ್ಟೆ ತಂಪು, ಅದರ ಬೆಳಕು ಬಹುಪಾಲು ನೇರಳಾತೀತ. ನೇರಳಾತೀತ ಕಿರಣ ಅನಿಲವನ್ನು ಎಕ್ಸ್-ಕಿರಣಕ್ಕಿಂತ ಸುಲಭವಾಗಿ ತಳ್ಳುತ್ತದೆ. ಸದ್ಯಕ್ಕೆ ಒಪ್ಪಬಹುದಾದ ವಿವರಣೆ ಇದು.

ಗಾಳಿಯಲ್ಲಿ ಹೋಗುವ ಸರಕು ಎಷ್ಟು? ಪ್ರಕಾಶ ಸೆಕೆಂಡಿಗೆ 10³⁸ ಅರ್ಗ್ (ಶಕ್ತಿಯ ಒಂದು ಸಣ್ಣ ಮಾನ), ಅಯಾನೀಕರಣದ ಅಂಕ (ಅನಿಲದ ದಟ್ಟಣೆಗೆ ಹೋಲಿಸಿದರೆ ಎಕ್ಸ್-ಕಿರಣದ ಹೊಡೆತ ಎಷ್ಟೆಂಬ ಅಳತೆ) 10⁴, ವೇಗ 400 ಕಿ.ಮೀ., ಗಾಳಿ ಆಕಾಶದ ಶೇ. 30ರಷ್ಟನ್ನು ಆವರಿಸಿದೆ ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 2.5 ಲಕ್ಷ ಕೋಟಿ ಟನ್. ಅದೇ ಪ್ರಕಾಶ ಕೊಡಲು ನಕ್ಷತ್ರದ ಮೇಲೆ ಬೀಳಬೇಕಾದ್ದು ಅರ್ಧ ಲಕ್ಷ ಕೋಟಿಯ ಆಸುಪಾಸು. ನಾಲ್ಕೈದು ಪಟ್ಟು ಹೊರಗೇ ಹೋಯಿತು! ಇದರಲ್ಲಿ ನಂಬಿಕಸ್ಥ ಅಂಕಿ ವೇಗ ಒಂದೇ. ಅತಿ ದುರ್ಬಲವಾದದ್ದು ಆ ಶೇ. 30. ತಟ್ಟೆಯ ಅಂಚಿನ ಕಡೆಯಿಂದ ನೋಡಿದಾಗಷ್ಟೇ ಗೆರೆಗಳು ಕಾಣುವುದರಿಂದ ಗಾಳಿ ಚಪ್ಪಟೆಯಾಗಿದೆ ಎನ್ನುತ್ತೇವೆ, ಆದರೆ ಒಂದು ಜೋಡಿಯನ್ನು ನಾವು ನೋಡುವ ಕೋನ ಒಂದೇ. ಇದಕ್ಕೆ ಹರ್ಕ್ಯುಲಿಸ್ ಎಕ್ಸ್-1 ಎಂಬ ಇನ್ನೊಂದು ಜೋಡಿ ಒಳ್ಳೆಯ ಅಪವಾದ. ಅದರ ತಟ್ಟೆ ಸೊಟ್ಟಗಿದ್ದು 35 ದಿನಕ್ಕೊಮ್ಮೆ ಓಲಾಡುತ್ತದೆ. ದಿನ ಕಳೆದಂತೆ ನಮ್ಮ ದೃಷ್ಟಿರೇಖೆ ಗಾಳಿಯ ಬೇರೆ ಬೇರೆ ಎತ್ತರಗಳನ್ನು ಹಾದುಹೋಗುತ್ತದೆ. ಹಾಗೆ ಪದರ ಪದರವಾಗಿ ಅಳೆದಾಗ, ತಟ್ಟೆಯಿಂದ ಮೇಲೇರಿದಷ್ಟೂ ಗಾಳಿ ತೆಳುವಾಗುವುದು ಕಂಡಿದೆ.