ಸೂಪ್ ಚೆಲ್ಲಿದವನು ಯಾರು, ಚೆಲ್ಲಿಸಿಕೊಂಡವನು ಯಾರು? ಇಂಗ್ಲಿಷಿಗೆ ಬಂದ ಯಿಡ್ಡಿಷ್ ಬೈಗುಳಗಳು

ಒಬ್ಬ ಬಿಸಿಬಿಸಿ ಸೂಪ್ ಹಿಡಿದುಕೊಂಡು ಬರುತ್ತಾನೆ, ಎಡವುತ್ತಾನೆ, ಬಟ್ಟಲು ಮಗುಚುತ್ತದೆ. ಇವನು ಶ್ಲೆಮೀಲ್. ಆ ಸೂಪು ಯಾರ ತೊಡೆಯ ಮೇಲೆ ಬೀಳುತ್ತದೋ ಅವನು ಶ್ಲಿಮಾಜಲ್. ಪಕ್ಕದಲ್ಲಿ ಕೂತು "ಅಂದ್ಹಾಗೆ, ಅದು ಯಾವ ಸೂಪು?" ಅಂತ ಕೇಳುವವನು ನುಡ್ನಿಕ್.

ಅಮೆರಿಕದ ಯಹೂದಿಗಳ ಹಳೇ ಜೋಕು ಇದು. ಒಂದೇ ಬಟ್ಟಲು ಸೂಪಿನಲ್ಲಿ ಮೂರು ಬೈಗುಳದ ಅರ್ಥ ಮುಗಿಯಿತು. ಮೂರೂ ಯಿಡ್ಡಿಷ್ ಪದಗಳು, ಈಗ ಇಂಗ್ಲಿಷ್ ನಿಘಂಟಿನಲ್ಲೂ ಇವೆ.

ಯಿಡ್ಡಿಷ್ ಅಂದರೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಸುಮಾರು 1000 ವರ್ಷದ ಹಿಂದೆ ರೈನ್ ನದಿಯ ಆಸುಪಾಸಿನಲ್ಲಿ ಹುಟ್ಟಿದ್ದು. ಕಟ್ಟಡ ಜರ್ಮನ್ ಭಾಷೆಯದು, ಅಕ್ಷರ ಹೀಬ್ರೂವಿನದು. ಪೋಲೆಂಡ್, ಉಕ್ರೇನ್ ಕಡೆ ಹರಡಿದ ಮೇಲೆ ಅಲ್ಲಿನ ಸ್ಲಾವಿಕ್ ಪದಗಳೂ ಸೇರಿಕೊಂಡವು. 1880ರಿಂದ 1924ರ ನಡುವೆ 20 ಲಕ್ಷಕ್ಕೂ ಜಾಸ್ತಿ ಯಹೂದಿಗಳು ಅಮೆರಿಕಕ್ಕೆ ವಲಸೆ ಹೋದರು. ತುಂಬಾ ಜನ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನ ಇಕ್ಕಟ್ಟು ಬೀದಿಗಳಲ್ಲಿ ನೆಲೆಸಿದರು. ಅವರ ಮಕ್ಕಳಲ್ಲಿ ಹಲವರು ನಾಟಕ, ರೇಡಿಯೋ, ಟೀವಿಯಲ್ಲಿ ಹಾಸ್ಯ ಮಾಡಿ ಹೆಸರಾದರು. ಜೋಕಿನ ಜೊತೆ ಅಮ್ಮ-ಅಜ್ಜಿಯರ ಬೈಗುಳವೂ ಊರಿಗೆಲ್ಲ ಗೊತ್ತಾಯಿತು. ಅತ್ತ ಯುರೋಪಿನಲ್ಲಿ, ನಾಜಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಬಹುಪಾಲು ಜನ ಆಡುತ್ತಿದ್ದದ್ದು ಇದೇ ಭಾಷೆ. ಅಮೆರಿಕದಲ್ಲಿ ನಗುನಗುತ್ತಾ ಬಳಸುವ ಈ ಪದಗಳ ಹಿಂದೆ ಆ ನೆನಪೂ ಇದೆ.

ಹೀಗೆ ಮನೆ ಬದಲಾಯಿಸಿದಾಗ ಪದಗಳ ತೂಕವೂ ಬದಲಾಯಿತು. ನನಗೆ ಮಜಾ ಅನಿಸುವುದು ಅದೇ.

ಮೊದಲು ಶ್ಲಿಮಾಜಲ್ ನೋಡೋಣ. 'ಶ್ಲಿಮ್' ಅಂದರೆ ಕೆಟ್ಟ. 'ಮಾಜಲ್' ಅಂದರೆ ಅದೃಷ್ಟ, ಆದರೆ ಹೀಬ್ರೂವಿನಲ್ಲಿ ಅದರ ಹಳೇ ಅರ್ಥ ನಕ್ಷತ್ರಪುಂಜ, ರಾಶಿ. ಇದಕ್ಕೆ ಕನ್ನಡ ಹುಡುಕಬೇಕಾಗಿಯೇ ಇಲ್ಲ: ಗ್ರಹಚಾರ ಕೆಟ್ಟವನು. ಮದುವೆಯಲ್ಲಿ ಹಾರೈಸುವ 'ಮಾಜಲ್ ಟೋವ್' ಕೂಡ ಇದೇ ಮಾಜಲ್. 12ನೇ ಶತಮಾನದ ಸ್ಪೇನಿನ ಯಹೂದಿ ಕವಿ ಅಬ್ರಹಾಂ ಇಬ್ನ್ ಎಜ್ರಾ ತನ್ನ ಬಗ್ಗೆಯೇ ಗೋಳಾಡುತ್ತಾನೆ: ನಾನು ಮೇಣದಬತ್ತಿ ಮಾರಲು ಹೊರಟರೆ ಸೂರ್ಯ ಮುಳುಗುವುದಿಲ್ಲ, ಹೆಣದ ಬಟ್ಟೆ ಮಾರಿದರೆ ಯಾರೂ ಸಾಯುವುದಿಲ್ಲ. ನಮ್ಮಲ್ಲಿ ಪಾಪಿ ಸಮುದ್ರಕ್ಕೆ ಹೋದರೂ ಮೊಳಕಾಲುದ್ದ ನೀರು ಅಲ್ವಾ, ಹಾಗೆ.

ಕ್ಲಟ್ಸ್ ಅಂದರೆ ಮುಟ್ಟಿದ್ದನ್ನೆಲ್ಲ ಬೀಳಿಸುವವನು. ಯಿಡ್ಡಿಷ್‌ನಲ್ಲಿ 'ಕ್ಲೊಟ್ಸ್' ಅಂದರೆ ಮರದ ದಿಮ್ಮಿ. ನಾವೂ ಮನುಷ್ಯನನ್ನು ಕೊರಡು ಅಂತೇವೆ, ಆದರೆ ನಮ್ಮ ಕೊರಡು ಕೂತಲ್ಲಿಂದ ಅಲ್ಲಾಡುವುದಿಲ್ಲ. ಅವರ ಕೊರಡು ಮನೆಯೆಲ್ಲ ಓಡಾಡಿ ಲೋಟ ಒಡೆಯುತ್ತದೆ.

ಇನ್ನು ಶ್ಮಕ್. ಇವತ್ತಿನ ಇಂಗ್ಲಿಷಿನಲ್ಲಿ ಮೂರ್ಖ, ಹಲ್ಕಟ್ ಆಸಾಮಿ ಅನ್ನುವಷ್ಟೇ ಖಾರ. ಆಫೀಸಿನಲ್ಲೂ ಕೇಳಿಬರುತ್ತದೆ. ಯಿಡ್ಡಿಷ್‌ನಲ್ಲಿ ಅದರ ಅರ್ಥ ಗಂಡಸಿನ ಗುಪ್ತಾಂಗ. ಹಿರಿಯರ ಮುಂದೆ ಬಾಯಿಬಿಟ್ಟು ಹೇಳುವಂಥದ್ದಲ್ಲ. ಜರ್ಮನ್ ಭಾಷೆಯಲ್ಲಿ ಇದೇ ಸದ್ದಿನ ಪದಕ್ಕೆ ಒಡವೆ ಅಂತ ಅರ್ಥವಿದೆ. ಅಲ್ಲಿಂದಲೇ ಬಂತು ಅನ್ನುವ ಕಥೆ ಜನಪ್ರಿಯ. ಪದಮೂಲ ಹುಡುಕುವವರಲ್ಲಿ ಹಲವರು ಅದನ್ನು ಒಪ್ಪದೆ ಹಾವು, ಡ್ರ್ಯಾಗನ್ ಅನ್ನುವ ಅರ್ಥದ ಹಳೇ ಪೋಲಿಷ್ ಪದವೊಂದನ್ನು ತೋರಿಸುತ್ತಾರೆ. ಅಂತೂ 1962ರಲ್ಲಿ ಹಾಸ್ಯಗಾರ ಲೆನ್ನಿ ಬ್ರೂಸ್ ಲಾಸ್ ಏಂಜಲೀಸ್‌ನಲ್ಲಿ ಸ್ಟೇಜಿನ ಮೇಲೆ ಈ ಪದ ಬಳಸಿದ್ದಕ್ಕೆ ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಪೂರ್ತಿ ಹೇಳಲು ನಾಚಿದವರು ಬಾಲ ಕತ್ತರಿಸಿ 'ಶ್ಮೋ' ಅಂದರು. ಪಾಪದ ಆ ಶ್ಮೋ ಕೂಡ ನಿಘಂಟು ಸೇರಿದೆ.

ಶ್ಮಕ್‌ಗೆ ಒಬ್ಬ ತಮ್ಮ ಇದ್ದಾನೆ, ಪುಟ್ಸ್. ಅದೇ ಅಂಗ, ಇನ್ನೂ ಒರಟು. 1998ರಲ್ಲಿ ನ್ಯೂಯಾರ್ಕಿನ ಸೆನೆಟರ್ ಅಲ್ ಡಿಅಮಾಟೋ ತನ್ನ ಎದುರಾಳಿ ಚಕ್ ಶೂಮರ್‌ನನ್ನು 'ಪುಟ್ಸ್‌ಹೆಡ್' ಅಂದುಬಿಟ್ಟರು. ಶೂಮರ್ ಯಹೂದಿ. ಮಾತು ಬಂದದ್ದು ಯಹೂದಿ ಬೆಂಬಲಿಗರ ಸಭೆಯಲ್ಲಿ, ಅಂದರೆ ಅದರ ನಿಜವಾದ ಅರ್ಥ ಗೊತ್ತಿರುವವರ ಮುಂದೆಯೇ. ಡಿಅಮಾಟೋ ಮೊದಲು ಅಂದೇ ಇಲ್ಲ ಎಂದರು. ಆಮೇಲೆ ಒಪ್ಪಿಕೊಂಡು, ಮೂರ್ಖ ಅನ್ನುವ ಅರ್ಥದಲ್ಲಿ ಅಂದದ್ದು ಎಂದರು. ಆ ಚುನಾವಣೆಯಲ್ಲಿ ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಇನ್ನೊಬ್ಬರ ಮನೆಯ ಬೈಗುಳ ಎತ್ತಿಕೊಳ್ಳುವವರು ತೂಕ ಕೇಳಿಕೊಂಡು ಎತ್ತಿಕೊಳ್ಳಬೇಕಿತ್ತು.

ಉಲ್ಟಾ ದಾರಿ ಹಿಡಿದ ಪದಗಳೂ ಇವೆ. 'ನೆಬೆಖ್' ಅನ್ನುವುದು ಯಿಡ್ಡಿಷ್‌ನಲ್ಲಿ ಬೈಗುಳವೇ ಅಲ್ಲ, ಮರುಕದ ಉದ್ಗಾರ. ನಾವು ಮಾತಿನ ಮಧ್ಯೆ "ಪಾಪ, ಅವನಿಗೆ ಕೆಲಸ ಹೋಯ್ತಂತೆ" ಅನ್ನುವಾಗಿನ 'ಪಾಪ'. ಇಂಗ್ಲಿಷಿಗೆ ಬರುವಾಗ ಆ ಉದ್ಗಾರ ಮನುಷ್ಯನಾಯಿತು: ನೆಬಿಶ್, ಅಂದರೆ ಬಾಯಿಲ್ಲದ, ಯಾರ ಲೆಕ್ಕಕ್ಕೂ ಇಲ್ಲದ ಪಾಪದ ಪ್ರಾಣಿ. ಮರುಕ ಸೋರಿಹೋಗಿ ತಾತ್ಸಾರ ಉಳಿಯಿತು.

ಯೆಂಟಾ ಅನ್ನುವುದಕ್ಕೆ ಇನ್ನೂ ಅನ್ಯಾಯವಾಗಿದೆ. ಅದು ಹೆಣ್ಣುಮಕ್ಕಳಿಗೆ ಇಡುತ್ತಿದ್ದ ಒಳ್ಳೇ ಹೆಸರು. ಬೇರು ಹುಡುಕಿದರೆ ಸಿಗುವುದು ಕುಲೀನೆ ಅನ್ನುವ ಅರ್ಥ. ನ್ಯೂಯಾರ್ಕಿನ ಯಿಡ್ಡಿಷ್ ಪತ್ರಿಕೆಯ ನಗೆಬರಹಗಳಲ್ಲಿ ಆ ಹೆಸರಿನ ಬಾಯಿಬಡುಕಿ ಪಾತ್ರವೊಂದು ಮನೆಮಾತಾಗಿ, ಹೆಸರೇ ಚಾಡಿಕೋರಳು ಅಂತಾಗಿಹೋಯಿತು. ಯೆಂಟಾ ಅಂದರೆ ಮದುವೆ ದಲ್ಲಾಳಿ ಅಂತ ಅನೇಕರು ತಿಳಿದಿದ್ದಾರೆ, ಅದು ತಪ್ಪು. 1964ರ ಬ್ರಾಡ್‌ವೇ ಸಂಗೀತನಾಟಕ 'ಫಿಡ್ಲರ್ ಆನ್ ದ ರೂಫ್'ನಲ್ಲಿ ಗಂಡು-ಹೆಣ್ಣು ಕೂಡಿಸುವವಳ ಹೆಸರು ಯೆಂಟೆ, ಅಷ್ಟೇ. ದಲ್ಲಾಳಿಗೆ ಯಿಡ್ಡಿಷ್ ಪದ 'ಶಾದ್ಖನ್'.

ಬೈಗುಳದಿಂದ ಹೊಗಳಿಕೆಗೆ ಬಡ್ತಿ ಪಡೆದದ್ದು ಹುಟ್ಸ್‌ಪಾ. ಇಂಗ್ಲಿಷಿನ ಸ್ಪೆಲಿಂಗ್ (chutzpah) ನೋಡಿ 'ಚ' ಅನ್ನಬೇಡಿ, ಅದು ಗಂಟಲಿನಿಂದ ಕ್ಯಾಕರಿಸಿದಂಥ 'ಹ'. ಅರ್ಥ ಹೇಳಲು ಇದಕ್ಕೂ ಒಂದು ಕಥೆ ಇದೆ: ಅಪ್ಪ-ಅಮ್ಮನನ್ನು ಕೊಂದವನು ಕೋರ್ಟಿನಲ್ಲಿ "ಸ್ವಾಮಿ, ನಾನು ಅನಾಥ, ದಯೆ ತೋರಿಸಿ" ಅಂತ ಕೈ ಮುಗಿದರೆ ಅದು ಹುಟ್ಸ್‌ಪಾ. ಶುದ್ಧ ಭಂಡತನ. ಅಮೆರಿಕದಲ್ಲಿ ಇದನ್ನೇ ಎದೆಗಾರಿಕೆ ಅನ್ನುವ ಅರ್ಥದಲ್ಲಿ ಮೆಚ್ಚಿ ಹೇಳುವವರಿದ್ದಾರೆ. 1998ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರ್ಪಿನ ಬರಹದಲ್ಲಿ ಈ ಪದ ಬಳಸಿದರು. ಅವರು ಬಳಸಿದ್ದು ಮಾತ್ರ ಹಳೇ ಖಾರದಲ್ಲೇ.

ಕೊನೆಗೆ ಉಳಿದದ್ದು ಒಂದು ಪದವೂ ಅಲ್ಲ, ಬರೀ ಒಂದು ಸದ್ದು: ಶ್ಮ. ಯಾವ ಮಾತಿಗೆ ಬೇಕಾದರೂ ಇದನ್ನು ಅಂಟಿಸಿ ಮತ್ತೊಮ್ಮೆ ಹೇಳಿದರೆ ಆ ಮಾತಿನ ಗಾಳಿ ಇಳಿದುಹೋಗುತ್ತದೆ. ಫ್ಯಾನ್ಸಿ-ಶ್ಮ್ಯಾನ್ಸಿ ಅಂದರೆ ಏನು ಮಹಾ ಫ್ಯಾನ್ಸಿ ಅಂತ. ಕನ್ನಡದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಹುಟ್ಟಿನಿಂದಲೇ ನಮ್ಮ ಬಾಯಲ್ಲಿ 'ಗಿ' ಇದೆ: ಮದುವೆ ಗಿದುವೆ, ಪುಸ್ತಕ ಗಿಸ್ತಕ. ನಮ್ಮ 'ಗಿ' ಎಷ್ಟೋ ಸಲ ಸುಮ್ನೆ 'ಇತ್ಯಾದಿ' ಅಷ್ಟೇ, ಅವರ 'ಶ್ಮ'ದಲ್ಲಿ ಯಾವಾಗಲೂ ಒಂದು ಕುಟುಕು. ಆದರೂ ಅವರ ಒಂದು ಹಳೇ ಜೋಕು ಕನ್ನಡದಲ್ಲಿ ಸಲೀಸಾಗಿ ಕೂರುತ್ತದೆ. ಮನೋವೈದ್ಯರು ತಾಯಿಯನ್ನು ಕೂರಿಸಿಕೊಂಡು, ನಿಮ್ಮ ಮಗನಿಗೆ ಈಡಿಪಸ್ ಕಾಂಪ್ಲೆಕ್ಸ್, ಅಂದರೆ ತಾಯಿಯ ಮೇಲೆ ಅತಿಯಾದ ಮೋಹ, ಇದೆ ಅನ್ನುತ್ತಾರೆ. ಆಕೆ ಹೇಳುತ್ತಾಳೆ: "ಈಡಿಪಸ್ಸೂ ಇಲ್ಲ, ಗೀಡಿಪಸ್ಸೂ ಇಲ್ಲ ಡಾಕ್ಟ್ರೇ. ಮಗನಿಗೆ ಅಮ್ಮನ ಮೇಲೆ ಪ್ರೀತಿ ಇದ್ದರೆ ಸಾಕು!"