ಓಟಗಾರರ ಕಾಲಿಗೆ ಭಾರ ಯಾಕೆ ಬೇಕು
ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ಓಡುವ ಅನೇಕರು ವಾರದಲ್ಲಿ ಎರಡು ದಿನ ಜಿಮ್‌ಗೂ ಹೋಗುತ್ತಾರೆ. ಅಲ್ಲಿ ಹಗುರ ಡಂಬೆಲ್ ಹಿಡಿದು ಮೂವತ್ತು ಬಸ್ಕಿ ಹೊಡೆದರೆ ಕಾಲು ಉರಿಯುತ್ತದೆ, ಓಟದ ವೇಗ ಮಾತ್ರ ಇದ್ದಲ್ಲೇ ಇರುತ್ತದೆ. 10 ಕಿ.ಮೀ. ಓಡಿದರೆ ಎಂಟೊಂಬತ್ತು ಸಾವಿರ ಹೆಜ್ಜೆ ಬೀಳುತ್ತದೆ. ಅಷ್ಟು ದುಡಿದ ಕಾಲಿಗೆ ಇನ್ನು ಮೂವತ್ತು ಸೇರಿಸಿದರೆ ಹೊಸದೇನೂ ಸಿಗದು. ಅದಕ್ಕೆ ಬೇಕಿರುವುದು ಭಾರ.

ಓಡುವಾಗ ಪಾದ ನೆಲಕ್ಕೆ ತಾಗಿರುವುದು ಸುಮಾರು 0.2 ಸೆಕೆಂಡ್. ಕಂಠೀರವ ಟ್ರ್ಯಾಕಿನಲ್ಲಿ 100 ಮೀಟರ್ ಓಡುವವರಿಗೆ ಅದರ ಅರ್ಧ. ಸ್ನಾಯು ತನ್ನ ಪೂರ್ತಿ ಬಲಕ್ಕೆ ಏರಲು ಮಾತ್ರ 0.3 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಎಷ್ಟು ಬಲವಿದೆ ಎನ್ನುವುದಕ್ಕಿಂತ ಅದು ಎಷ್ಟು ಬೇಗ ಹುಟ್ಟುತ್ತದೆ ಎನ್ನುವುದು ಮುಖ್ಯ. ಇದು ನರಗಳ ಕೆಲಸ. ಭಾರ ಎತ್ತುವಾಗ ಮಿದುಳು ಹೆಚ್ಚು ಸ್ನಾಯುತಂತುಗಳನ್ನು ಒಮ್ಮೆಲೇ ಎಬ್ಬಿಸಲು ಕಲಿಯುತ್ತದೆ. ಮೊದಲ ಕೆಲವು ವಾರ ಶಕ್ತಿ ಏರುವುದು ಬಹುಪಾಲು ಇದರಿಂದಲೇ. ತೋಳು ತೊಡೆ ದಪ್ಪವಾಗುವುದು ಆಮೇಲಿನ ಮಾತು. ತಿಂಗಳುಗಳು ಕಳೆದಂತೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಬಿಗಿಯಾಗಿ ಸ್ಪ್ರಿಂಗಿನಂತೆ ಪುಟಿಯುತ್ತದೆ, ಅದೇ ವೇಗಕ್ಕೆ ಕಡಿಮೆ ಆಮ್ಲಜನಕ ಸಾಕಾಗುತ್ತದೆ.

ಮೊದಲ ಎರಡು ಮೂರು ವಾರ 20 ಕೆ.ಜಿ.ಯ ಖಾಲಿ ಬಾರ್ ಸಾಕು. ಅದನ್ನು ಹೆಗಲ ಮೇಲೆ ಹೊತ್ತು ಮಂಡಿ ಒಳಕ್ಕೆ ಬಾಗದಂತೆ ಕೂತೇಳುವುದು, ಅಂದರೆ ಸ್ಕ್ವಾಟ್, ಕಲಿಯಬೇಕು. ನಂತರ ಏಳು ಸಲ ಎತ್ತಬಲ್ಲ ಭಾರ ಹಾಕಿ ಐದಕ್ಕೇ ನಿಲ್ಲಿಸಿ. ಇಳಿಸುವಾಗ ನಿಧಾನ, ಏಳುವಾಗ ಜೋರು. ಹೀಗೆ ಮೂರು ಸೆಟ್, ನಡುವೆ ಮೂರು ನಿಮಿಷ ವಿಶ್ರಾಂತಿ. ಬೆವರು ಆರುವ ಮೊದಲೇ ಮುಂದಿನ ಸೆಟ್‌ಗೆ ನುಗ್ಗಿದರೆ ಅದು ದಮ್ಮಿನ ವ್ಯಾಯಾಮವಾಗುತ್ತದೆ. ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವವರು ಪ್ರತಿ ಸಲ ಸುಧಾರಿಸಿಕೊಳ್ಳುವುದು ಸುಮ್ಮನಲ್ಲ. ಸ್ಕ್ವಾಟ್ ಮತ್ತು ನೆಲದಿಂದ ಬಾರ್ ಎತ್ತಿ ನಿಲ್ಲುವ ಡೆಡ್‌ಲಿಫ್ಟ್ ಜೊತೆಗೆ ಮೀನಖಂಡಕ್ಕೂ ಭಾರ ಬೇಕು, ಮಂಡಿ ಮಡಚಿ ಹಿಮ್ಮಡಿ ಎತ್ತುವ ವ್ಯಾಯಾಮವನ್ನಂತೂ ಬಿಡಲೇಬಾರದು. ಓಟದ ಹೊರೆಯಲ್ಲಿ ದೊಡ್ಡ ಪಾಲು ಬೀಳುವುದು ಅಲ್ಲಿಗೇ, ಜನ ಬಿಟ್ಟುಬಿಡುವುದೂ ಅದನ್ನೇ.

ಎಡವಟ್ಟಾಗುವುದು ಹೆಚ್ಚಾಗಿ ವೇಳಾಪಟ್ಟಿಯಲ್ಲಿ. 1980ರಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ 10 ವಾರ ದಮ್ಮಿನದು, ಭಾರದ್ದು ಎರಡೂ ತರಬೇತಿಗಳನ್ನು ತೀವ್ರವಾಗಿ ಮಾಡಿಸಿದಾಗ, ಕೊನೆಯ ವಾರಗಳಲ್ಲಿ ಶಕ್ತಿ ಏರುವುದು ನಿಂತು ಇಳಿಯತೊಡಗಿತು. ವಾರಕ್ಕೆ ಎರಡೇ ದಿನ ಭಾರ ಎತ್ತಿದರೆ ಅಷ್ಟು ಭಯ ಬೇಡ. ಬೆಳಿಗ್ಗೆ ಇಂಟರ್ವಲ್ ಓಟ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡುವುದು), ಆರು ಗಂಟೆ ಬಿಟ್ಟು ಸಂಜೆ ಭಾರ. ಮರುದಿನ ಹಗುರ ಓಟ. ಟ್ರಾಫಿಕ್ಕಿನ ಕಾಟಕ್ಕೆ ಎರಡನ್ನೂ ಒಂದೇ ಹೊತ್ತಿಗೆ ಮುಗಿಸುವುದಾದರೆ ಓಟ ಮೊದಲಾಗಲಿ. ಭಾನುವಾರದ ಉದ್ದ ಓಟದ ಹಿಂದಿನ ದಿನ ಸ್ಕ್ವಾಟ್ ಬೇಡವೇ ಬೇಡ.

ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ ನಡೆಯುವ ಟೆನ್‌ಕೆ, ಅಂದರೆ 10 ಕಿ.ಮೀ. ಓಟದ ಸ್ಪರ್ಧೆ, ಓಡುವವರು ಜನವರಿ ಕೊನೆಗೆ ಶುರು ಮಾಡಿದರೆ ಹನ್ನೆರಡು ವಾರ ಸಿಗುತ್ತದೆ. ಮಾರ್ಚಿನಲ್ಲಿ ಪೂರ್ತಿ ಬಿಟ್ಟರೆ ಗಳಿಸಿದ್ದು ಕರಗುತ್ತದೆ. ಭಾರ ಕಡಿಮೆ ಮಾಡದೆ ವಾರಕ್ಕೊಮ್ಮೆ ಎರಡು ಸೆಟ್ ಎತ್ತಿ. ಕೊನೆಯ ಭಾರೀ ದಿನ ಓಟಕ್ಕೆ ಏಳೆಂಟು ದಿನ ಮುಂಚೆ ಇರಲಿ.