ಚಳಿ ದಮ್ಮಿಗೆ ಒಳ್ಳೆಯದು, ಚುರುಕಿಗಲ್ಲ

ಡಿಸೆಂಬರ್ ಬಂತೆಂದರೆ ದಾವಣಗೆರೆಯ ನನ್ನ ಫಿಸಿಯೋಥೆರಪಿ ಕೊಠಡಿಗೆ ಕುಂಟುತ್ತಾ ಬರುವ ಹುಡುಗರು ಹೆಚ್ಚುತ್ತಾರೆ. ಬಹುಪಾಲು ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಾಗುತ್ತಿರುವವರು. ಕಳೆದ ವರ್ಷ ಬಂದ ಒಬ್ಬ ಹೇಳಿದ್ದು ಇಷ್ಟೇ: "ಎರಡನೇ ಸ್ಪ್ರಿಂಟ್ ಹೊಡೀತಿದ್ದೆ ಸರ್, ತೊಡೆ ಹಿಂದೆ ಟಕ್ ಅಂತು." ಎಷ್ಟೊತ್ತಿಗೆ? ಬೆಳಗಿನ ಐದೂವರೆಗೆ. ವಾರ್ಮಪ್ ಮಾಡಿದ್ಯೇನಪ್ಪಾ? "ಆರೂವರೆಗೆ ಹಾಲು ಹಾಕೋಕೆ ಹೋಗ್ಬೇಕು ಸರ್, ಟೈಮ್ ಎಲ್ಲಿದೆ?"

ನಮ್ಮೂರಿನ ಬೆಳಗಿನ ಚಳಿ 15 ಡಿಗ್ರಿ ಆಸುಪಾಸಿನದು. ಇದೂ ಒಂದು ಚಳಿಯೇ ಅಂತ ಕೇಳುವವರಿದ್ದಾರೆ. ದೂರ ಓಡುವವನಿಗೆ ಇದು ನಿಜಕ್ಕೂ ವರ. 1997ರಲ್ಲಿ ಪ್ರಕಟವಾದ ಗ್ಯಾಲೋವೇ ಮತ್ತು ಮಾನ್ ಅವರ ಪ್ರಯೋಗವೊಂದಿದೆ. ಅದೇ ಗಂಡಸರು, ಅದೇ ಸೈಕಲ್, ಅದೇ ಶ್ರಮ. ಕೋಣೆಯ ತಾಪಮಾನ ಮಾತ್ರ ಬೇರೆ. 31 ಡಿಗ್ರಿಯಲ್ಲಿ ಸುಮಾರು 52 ನಿಮಿಷಕ್ಕೆ ಸುಸ್ತಾದವರು 11 ಡಿಗ್ರಿಯಲ್ಲಿ 93 ನಿಮಿಷ ತುಳಿದರು. 4 ಡಿಗ್ರಿಗೆ ಇಳಿಸಿದಾಗ 81ಕ್ಕೆ ಇಳಿದರು. ಬಿಸಿಗಿಂತ ತಂಪಿನಲ್ಲಿ ಹೆಚ್ಚು ಹೊತ್ತು ತುಳಿಯಲು ಕಾರಣ ಸರಳ. ದುಡಿಯುವ ಸ್ನಾಯು ಬಳಸುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೋಗುತ್ತದೆ. ಬಿಸಿಲಲ್ಲಿ ಆ ಶಾಖ ಹೊರಹಾಕಲು ರಕ್ತ ಚರ್ಮದ ಕಡೆಗೂ ಹರಿಯಬೇಕು. ತಂಪಿನಲ್ಲಿ ಅದು ಸ್ನಾಯುವಿನ ಕೆಲಸಕ್ಕೇ ಉಳಿಯುತ್ತದೆ, ದಮ್ಮು ಬರುತ್ತದೆ.

ಆದರೆ ಸ್ನಾಯು ತಾನು ಮಾತ್ರ ಬೆಚ್ಚಗಿರಲು ಬಯಸುತ್ತದೆ. 38 ಡಿಗ್ರಿ ದಾಟಿದಾಗ ಅದು ಚೆನ್ನಾಗಿ ದುಡಿಯುತ್ತದೆ. ಹಾಸಿಗೆಯಿಂದೆದ್ದು ಬೈಕಿನಲ್ಲಿ ಮೈದಾನಕ್ಕೆ ಬಂದವನ ತೊಡೆ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಸ್ನಾಯುವಿನ ಶಾಖ ಒಂದು ಡಿಗ್ರಿ ಇಳಿದರೆ ಜಿಗಿತ, ಸ್ಪ್ರಿಂಟ್‌ನ ಬಲ ಶೇಕಡಾ 4ರಷ್ಟು ಕಡಿಮೆಯಾಗುತ್ತದೆ. ನರದ ಸಂದೇಶವೂ ನಿಧಾನ. ಓಟದಲ್ಲಿ ಕಾಲು ಮುಂದೆ ಚಿಮ್ಮಿದಾಗ ಅದನ್ನು ಹಿಡಿದು ತಡೆಯಬೇಕಾದದ್ದು ತೊಡೆಯ ಹಿಂಭಾಗದ ಸ್ನಾಯು. ತಣ್ಣಗೆ, ಬಿಗಿಯಾಗಿರುವಾಗ ಆ ಎಳೆತವನ್ನು ಅದು ತಾಳಲಾರದು. ಆ ಹುಡುಗ ಕೇಳಿದ 'ಟಕ್' ಅದೇ.

ಗರಡಿಮನೆಯ ಉಸ್ತಾದರು ಇದನ್ನು ಥರ್ಮಾಮೀಟರ್ ಇಲ್ಲದೆ ಬಲ್ಲರು. ಮೊದಲು ಕೆಮ್ಮಣ್ಣು ಅಗೆದು ಹದ ಮಾಡು, ಆಮೇಲೆ ಬಸ್ಕಿ, ಆಮೇಲೆ ದಂಡ. ಮೈ ಬೆವರಿದ ಮೇಲಷ್ಟೇ ಜೋಡಿ ಕುಸ್ತಿ. ನಾನು ಹೇಳುವುದೂ ಹೆಚ್ಚುಕಡಿಮೆ ಅಷ್ಟೇ. ಐದು ನಿಮಿಷ ಬಿರುಸು ನಡಿಗೆ, ಹಣೆಯಲ್ಲಿ ಬೆವರು ಮೂಡುವವರೆಗೆ ನಿಧಾನ ಓಟ, ಕಾಲು ಬೀಸುವುದು, ಮಂಡಿ ಎತ್ತಿ ಓಡುವುದು, ಕೊನೆಗೆ ವೇಗ ಏರಿಸುತ್ತಾ ಮೂರ್ನಾಲ್ಕು ಸಣ್ಣ ಓಟ. ಕಾಲು ಚಾಚಿ ಒಂದೇ ಭಂಗಿಯಲ್ಲಿ ನಿಮಿಷಗಟ್ಟಲೆ ಹಿಡಿಯುವುದು ಸ್ಪ್ರಿಂಟ್‌ಗೆ ಮುಂಚೆ ಬೇಡ, ಬಲ ಕುಗ್ಗುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಪರೀಕ್ಷೆಯ ದಿನ ಇನ್ನೊಂದು ತಪ್ಪಾಗುತ್ತದೆ. ವಾರ್ಮಪ್ ಮುಗಿಸಿ, ಎದೆಗೆ ನಂಬರ್ ಕಟ್ಟಿಕೊಂಡು, ಬನಿಯನ್ ಚಡ್ಡಿಯಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ಕೂರುತ್ತಾರೆ. ಗಳಿಸಿದ ಬಿಸಿ ಇಪ್ಪತ್ತು ನಿಮಿಷದೊಳಗೆ ಬಹುಪಾಲು ಇಳಿದಿರುತ್ತದೆ. ಹೆಸರು ಕೂಗುವವರೆಗೆ ಟ್ರ್ಯಾಕ್ ಪ್ಯಾಂಟ್ ತೆಗೆಯಬೇಡಿ, ನಿಂತಲ್ಲೇ ಕಾಲಾಡಿಸುತ್ತಿರಿ.

ಮುಗಿದ ಮೇಲೆ ಬಟ್ಟೆಯ ಪ್ರಶ್ನೆ. ನಮ್ಮದು ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು, ಕಾಟನ್ ಬನಿಯನ್ ಮೇಲೆ ನನಗೂ ಪ್ರೀತಿ. ಆದರೆ ಬೆವರು ಕುಡಿದ ಹತ್ತಿ ಬೇಗ ಒಣಗದು, ಮತ್ತು ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖ ಎಳೆಯುತ್ತದೆ. ಕುಂದವಾಡ ಕೆರೆ ಸುತ್ತಿ, ಒದ್ದೆ ಬನಿಯನ್‌ನಲ್ಲೇ ಟೀ ಕುಡಿಯುತ್ತಾ ನಿಲ್ಲುವವರಿಗೂ, ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟವನ್ನು ಬೆವರುತ್ತಾ ಏರಿ ಮೇಲಿನ ಗಾಳಿಗೆ ಎದೆಯೊಡ್ಡುವವರಿಗೂ ಹೇಳುವುದು ಒಂದೇ: ಚೀಲದಲ್ಲಿ ಒಂದು ಒಣ ಅಂಗಿ ಇರಲಿ. ಬಾಟಲಿ ನೀರೂ ಇರಲಿ. ಚಳಿಯಲ್ಲಿ ಬಾಯಾರಿಕೆ ತಿಳಿಯದು, ಮೂತ್ರ ಮಾತ್ರ ಹೆಚ್ಚು ಹೋಗುತ್ತದೆ.

ಓಡಿ ನಿಂತ ಮಕ್ಕಳು ಕೆಮ್ಮಿದರೆ, ಎದೆ ಸುಯ್‌ಗುಟ್ಟಿದರೆ, ಥಂಡಿ ಅಂತ ಕಷಾಯ ಕೊಟ್ಟು ಸುಮ್ಮನಾಗಬೇಡಿ. ಬಾಯಿಂದ ಎಳೆದ ತಣ್ಣನೆಯ ಒಣಗಾಳಿ ಶ್ವಾಸನಾಳವನ್ನು ಒಣಗಿಸಿ ಕುಗ್ಗಿಸುತ್ತದೆ. ಪ್ರತಿ ಸಲ ಹೀಗಾದರೆ ಅಸ್ತಮಾ ಇದೆಯೇ ಎಂದು ನೋಡಿಸಬೇಕು. ಇದಕ್ಕೆ ಔಷಧಿ ಇದೆ, ಆಟ ಬಿಡಿಸಬೇಕಾಗಿಲ್ಲ.

ನನಗೆ ನಿಜವಾಗಿ ಭಯ ಹಿರಿಯರದು. ಚಳಿಗೆ ಚರ್ಮದ ರಕ್ತನಾಳಗಳು ಮುದುಡುತ್ತವೆ, ಬಿಪಿ ಏರುತ್ತದೆ, ಹೃದಯ ಹೆಚ್ಚು ಒತ್ತಿ ದುಡಿಯಬೇಕಾಗುತ್ತದೆ. ಅದರ ಮೇಲೆ ಬಿರುಸು ನಡಿಗೆ. ಅರವತ್ತು ದಾಟಿದ ನಿವೃತ್ತ ಮೇಷ್ಟ್ರೊಬ್ಬರು ಮಂಡಿನೋವಿಗೆಂದು ಬಂದವರು ಮಾತಿನ ನಡುವೆ, "ಬೆಳಿಗ್ಗೆ ನಡೆವಾಗ ಎದೆ ಹಿಡ್ದಂಗಾಗುತ್ತೆ ಡಾಕ್ಟ್ರೇ, ನಿಂತ್ರೆ ಹೋಗುತ್ತೆ, ಗ್ಯಾಸ್ ಇರ್ಬೇಕು" ಎಂದರು. ಮಂಡಿಯನ್ನು ಅಲ್ಲಿಗೇ ಬಿಟ್ಟೆ. ಮಗನಿಗೆ ಫೋನ್ ಮಾಡಿಸಿ, ಅವತ್ತೇ ಹೃದಯದ ವೈದ್ಯರಲ್ಲಿಗೆ ಕಳಿಸಿದೆ. ಈಗ ಅವರು ಮಾತ್ರೆ ತೆಗೆದುಕೊಳ್ಳುತ್ತಾರೆ, ಬಿಸಿಲು ಬಿದ್ದ ಮೇಲೆ ಏಳೂವರೆಗೆ ಕೆರೆ ಕಡೆ ಹೊರಡುತ್ತಾರೆ, ಮೊದಲ ಹತ್ತು ನಿಮಿಷ ನಿಧಾನಕ್ಕೆ ಹೆಜ್ಜೆ ಹಾಕುತ್ತಾರೆ.